ಜೋಪಾನಣ್ಣನ ಇಪ್ಪತ್ತು ಡಿಗ್ರಿ

ಬೀದಿಯವರು ಅವನಿಗೆ ಜೋಪಾನಣ್ಣ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಸ್ಟೂಲು ಹತ್ತಿ ಬಲ್ಬು ಹಾಕುವವನಿಗೆ ‘ಜೋಪಾನ’ ಅಂದರೆ ಸರಿ, ಒಪ್ಪೋಣ. ರಸ್ತೆ ದಾಟುವವರಿಗೆ ಅಂದರೂ ಒಪ್ಪೋಣ. ಈ ಮಹರಾಯ ಬೆಂಚಿನ ಮೇಲೆ ಸುಮ್ಮನೆ ಕೂತು ಪೇಪರು ಓದುವವನಿಗೂ ‘ಜೋಪಾನ ಕಣಪ್ಪ’ ಅನ್ನುತ್ತಿದ್ದ. ಯಾಕಣ್ಣ, ಪೇಪರು ಕಚ್ಚುತ್ತಾ ಅಂತ ಕೇಳಿದರೆ, ಬೆಂಚಿನ ಎಡಗಾಲು ಅಲ್ಲಾಡುತ್ತೆ, ನೋಡಿಕೋ, ಅನ್ನುತ್ತಿದ್ದ. ನೋಡಿದರೆ ಅಲ್ಲಾಡುತ್ತಿದ್ದದ್ದೂ ನಿಜವೇ. ಹಾಗಾಗಿ ಅವನನ್ನು ನೋಡಿ ಪೂರ್ತಿ ನಗೋದಕ್ಕೂ ಆಗುತ್ತಿರಲಿಲ್ಲ, ಅವನನ್ನು ಪೂರ್ತಿ ನಂಬೋದಕ್ಕೂ ಆಗುತ್ತಿರಲಿಲ್ಲ.

ಸುಟ್ಟ ಮೋಟಾರುಗಳಿಗೆ ಮತ್ತೆ ತಂತಿ ಸುತ್ತುವುದು ಅವನ ಕೆಲಸ. ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲದ ಅಂಗಡಿ. ಗೋಡೆಗೆ ತಾಮ್ರದ ತಂತಿಯ ಉರುಳೆಗಳು, ಮೂಲೆಯಲ್ಲಿ ವಾರ್ನಿಷ್ ಡಬ್ಬ, ಬಾಗಿಲ ಬಳಿ ಹೊಟ್ಟೆ ಬಗೆದಿಟ್ಟ ಪಂಪು, ಫ್ಯಾನು, ಮಿಕ್ಸಿಗಳು. ಮೂವತ್ತು ವರ್ಷದಿಂದ ಅದೇ ಮಣೆಯ ಮೇಲೆ ಕೂತು, ಒಂದೊಂದೇ ಸುತ್ತು ಎಣಿಸುತ್ತಾ, ಎಳೆ ಎಳೆಯಾಗಿ ತಂತಿ ಸುತ್ತಿದ್ದಾನೆ. ಆ ತಂತಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳು ಲೇಪ ಇರುತ್ತದೆ. ಮೋಟಾರಿನ ಜೀವ ಇರುವುದೆಲ್ಲ ಆ ಲೇಪದಲ್ಲಿ. ಕಾವು ಮಿತಿ ಮೀರಿದರೆ ಲೇಪ ಕರಗುತ್ತದೆ, ಎಳೆಗೆ ಎಳೆ ತಾಗುತ್ತದೆ, ಅಲ್ಲಿಗೆ ಮೋಟಾರಿನ ಕಥೆ ಮುಗಿಯಿತು.

ಕಾವು ನೋಡಲು ಅವನಿಗೆ ಯಂತ್ರ ಬೇಕಿರಲಿಲ್ಲ. ಓಡುವ ಮೋಟಾರಿನ ಮೈಗೆ ಮೊದಲು ಬೆರಳ ಹಿಂಭಾಗ ಸೋಕಿಸಬೇಕು. ತಡೆಯುವಂತಿದ್ದರೆ ಮಾತ್ರ ಅಂಗೈ ಇಟ್ಟು ಎಣಿಸಬೇಕು. ಹತ್ತರ ತನಕ ಕೈ ನಿಂತರೆ ಮೋಟಾರು ಸುಖವಾಗಿದೆ. ಐದಕ್ಕೇ ಕೈ ತೆಗೆಯುವಂತಾದರೆ ಸ್ವಿಚ್ ಆರಿಸು. ಎರಡಕ್ಕೇ ತೆಗೆದರೆ ದೇವರೇ ಗತಿ. ಈ ಪಾಠವನ್ನು ಒಬ್ಬಳೇ ಮಗಳಿಗೆ ಅವಳು ಎಂಟು ವರ್ಷದವಳಿದ್ದಾಗಲೇ ಕಲಿಸಿದ್ದ. ಅಪ್ಪ ಮಗಳು ಇಬ್ಬರೂ ಪಂಪಿನ ಮೇಲೆ ಕೈ ಇಟ್ಟುಕೊಂಡು, ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸುತ್ತಿದ್ದರೆ, ಪಕ್ಕದ ಅಂಗಡಿಯ ಪಂಕ್ಚರಿನವನು ‘ಏನಣ್ಣ, ಮಗ್ಗಿ ಹೇಳಿಸ್ತಿದ್ದೀರಾ?’ ಅಂತ ರೇಗಿಸುತ್ತಿದ್ದ.

ಅವನು ಹುಟ್ಟಾ ಪುಕ್ಕಲನೇನೂ ಆಗಿರಲಿಲ್ಲ. ಹೊಸದಾಗಿ ಅಂಗಡಿ ಹಾಕಿದಾಗ ಒಂದು ಗೋದಾಮಿನ ಮೋಟಾರಿಗೆ ತಂತಿ ಸುತ್ತಿ ಕೊಟ್ಟಿದ್ದ. ಗೋದಾಮಿನ ಯಜಮಾನ, ಸ್ವಲ್ಪ ಹೆಚ್ಚು ಹೊತ್ತು ಓಡಿಸಲೇನಪ್ಪಾ ಅಂತ ಕೇಳಿದಾಗ, ಮೀಸೆ ಚಿಗುರಿದ ಗತ್ತಿನಲ್ಲಿ ‘ಓಡಿಸಿ ಸಾರ್, ಏನೂ ಆಗಲ್ಲ’ ಅಂದುಬಿಟ್ಟ. ಮೂರನೇ ದಿನ ಮೋಟಾರು ಹೊತ್ತಿಕೊಂಡಿತು, ಅದರಿಂದ ಗೋಣಿಚೀಲಗಳಿಗೆ ಹತ್ತಿತು, ಕಾವಲುಗಾರ ಮಹಡಿ ಕಿಟಕಿಯಿಂದ ಹಾರಿ ಕಾಲು ಮುರಿದುಕೊಂಡ. ಆ ಕಾವಲುಗಾರ ಈಗಲೂ ಕುಂಟುತ್ತಾ ಅಂಗಡಿಯ ಮುಂದೆಯೇ ಹಾದುಹೋಗುತ್ತಾನೆ, ಪಾಪ, ನಕ್ಕು ಮಾತಾಡಿಸುತ್ತಾನೆ ಕೂಡ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತೋ ಏನೋ. ಅವತ್ತಿನಿಂದ ಜೋಪಾನಣ್ಣನ ಬಾಯಲ್ಲಿ ‘ಏನೂ ಆಗಲ್ಲ’ ಅನ್ನುವ ಮಾತು ಬಂದದ್ದೇ ಇಲ್ಲ.

ಹೆದರಿಕೆ ಅಂಗಡಿಯಲ್ಲೇ ಉಳಿದಿದ್ದರೆ ಅಡ್ಡಿಯಿರಲಿಲ್ಲ, ಮನೆಗೂ ಬಂತು. ಯಾರಿಗೂ ತಡವಾಗಬಾರದು ಅಂತ ಗೋಡೆ ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ಇಟ್ಟ. ಹೆಂಡತಿ, ಮಗಳು ಇಬ್ಬರೂ ಗಡಿಯಾರ ನೋಡಿದ ಕೂಡಲೇ ಮನಸ್ಸಿನಲ್ಲೇ ಹದಿನೈದು ಕಳೆಯುವುದನ್ನು ಕಲಿತರು. ಜ್ವರ ನೂರೊಂದು ಇದ್ದರೆ ನೂರಮೂರು ಅನ್ನುತ್ತಿದ್ದ, ಅವರು ಎರಡು ಕಳೆಯುತ್ತಿದ್ದರು. ಹಾವು ಇಷ್ಟುದ್ದ ಇತ್ತು ಅಂತ ಕೈ ಚಾಚಿದರೆ ಅರ್ಧ ಕಳೆಯುತ್ತಿದ್ದರು. ಆ ಮನೆಯಲ್ಲಿ ಅಪ್ಪ ಕೂಡಿಸುವುದು, ಅಮ್ಮ ಮಗಳು ಕಳೆಯುವುದು, ಹೀಗೇ ಸಂಸಾರ ಸಾಗಿತ್ತು. ಅವರು ಕಳೆಯುತ್ತಾರೆ ಅನ್ನುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಮಗಳು ದೊಡ್ಡವಳಾಗಿ ಕೆಲಸಕ್ಕೆ ಸೇರಿದಳು. ಊರಿನ ಸಣ್ಣ ಕ್ಲಿನಿಕ್ಕುಗಳಲ್ಲಿ ತೆಗೆದ ರಕ್ತದ ಶೀಶೆಗಳನ್ನು ಐಸು ತುಂಬಿದ ಪೆಟ್ಟಿಗೆಯಲ್ಲಿಟ್ಟುಕೊಂಡು ಗುಡ್ಡದ ಮೇಲಿನ ದೊಡ್ಡ ಆಸ್ಪತ್ರೆಗೆ ಮುಟ್ಟಿಸುವ ಕೆಲಸ. ಮಧ್ಯಾಹ್ನ ಹನ್ನೆರಡೂವರೆಯ ಒಳಗೆ ಪೆಟ್ಟಿಗೆ ಅಲ್ಲಿರಬೇಕು. ಅದಕ್ಕೊಂದು ಹಳೆಯ ಎಲೆಕ್ಟ್ರಿಕ್ ಬೈಕು ತಂದಳು. ಅದರ ಮೋಟಾರು ಹಿಂದಿನ ಚಕ್ರದ ನಟ್ಟನಡುವಿನ ಗುಂಬದೊಳಗೇ ಇತ್ತು, ಸುಟ್ಟೂ ಹೋಗಿತ್ತು. ಅಪ್ಪನೇ ಅದಕ್ಕೆ ತಂತಿ ಸುತ್ತಿದ. ಒಳ್ಳೆ ಜಾತಿಯ ತಂತಿ ಆ ವಾರ ಸಿಗಲಿಲ್ಲ, ಅವಳಿಗೆ ಸೋಮವಾರವೇ ಕೆಲಸಕ್ಕೆ ಹಾಜರಾಗಬೇಕಿತ್ತು, ಹಾಗಾಗಿ ಫ್ಯಾನಿಗೆ ಸುತ್ತುವ ತಂತಿಯನ್ನೇ ಜೋಡಿ ಎಳೆ ಮಾಡಿ ಸುತ್ತಿದ. ಅದರ ಲೇಪ ನೂರಮೂವತ್ತು ಡಿಗ್ರಿಯ ತನಕ ತಾಳುತ್ತದೆ. ಆಮೇಲೆ ಅವನೂ ಏನೂ ಹೇಳಲಾರ.

ಚಕ್ರ ಜೋಡಿಸುವ ಮುಂಚೆ ಮಗಳನ್ನು ಕರೆದು ಮೋಟಾರಿನ ಮೂರು ತಂತಿಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದು, ‘ಈಗ ಚಕ್ರ ತಿರುಗಿಸು’ ಅಂದ. ಅವಳು ಎರಡೂ ಕೈ ಹಾಕಿ ತಿರುಗಿಸಲು ಹೋದರೆ ಚಕ್ರ ಮೊಂಡುಹಿಡಿದು ನಿಂತಿತ್ತು.

‘ಒಳಗೆ ಲೇಪ ಕರಗಿದರೆ ಹೀಗೇ ಆಗೋದು ಮಗಳೇ. ಏರಿನ ಮೇಲೆ ಹೋಗ್ತಾ ಹೋಗ್ತಾ ಚಕ್ರ ಗಪ್ ಅಂತ ಹಿಡ್ಕೊಂಡ್ರೆ? ಹಿಂದೆ ಜಲ್ಲಿ ಲಾರಿ ಇದ್ರೆ?’

‘ಅಯ್ಯೋ ಅಪ್ಪ, ಸಾಕು ಬಿಡಿ’ ಅಂದಳು ಮಗಳು.

ಬಿಟ್ಟಾನೆಯೇ? ಬೆಂಕಿಕಡ್ಡಿಯ ತಲೆಯಷ್ಟು ಸೆನ್ಸರೊಂದನ್ನು ತಂತಿಯ ಸುತ್ತುಗಳ ನಡುವೆ ಹುದುಗಿಸಿಟ್ಟ. ಒಳಗಿನ ಕಾವು ಬೈಕಿನ ಮೀಟರಿನಲ್ಲಿ ಅವಳಿಗೆ ಕಾಣಬೇಕು, ತನ್ನ ಮೊಬೈಲಿನಲ್ಲಿ ತನಗೂ ಕಾಣಬೇಕು. ನೂರು ದಾಟಿದರೆ ಮೀಟರು ಕುಯ್ಯೆನ್ನಬೇಕು, ಅವಳು ಬೈಕು ನಿಲ್ಲಿಸಿ ತಣಿಸಬೇಕು. ಓಡಿಸುವಾಗ ಸತ್ತರೂ ಫೋನು ಎತ್ತಬಾರದು ಅಂತ ತನ್ನ ತಲೆ ಮುಟ್ಟಿಸಿಕೊಂಡು ಆಣೆ ಹಾಕಿಸಿದ. ಮೊಬೈಲಿನಿಂದಲೇ ಮೋಟಾರು ಆರಿಸುವ ಒಂದು ತಂತಿಯೂ ಇತ್ತು, ಎಲ್ಲಾದರೂ ಅಪ್ಪಿತಪ್ಪಿ ತನ್ನ ಬೆರಳು ತಾಗಿ ನಡುರಸ್ತೆಯಲ್ಲಿ ಬೈಕು ನಿಂತುಬಿಟ್ಟರೆ ಅಂತ ಹೆದರಿ ಅದನ್ನು ಕಿತ್ತೇ ಹಾಕಿದ.

ಇಷ್ಟೆಲ್ಲ ಆದಮೇಲೂ ಅವತ್ತು ಅವನಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದವನೇ ಮೊಬೈಲಿನಲ್ಲಿ ‘ತಿದ್ದುಪಡಿ’ ಅಂತ ಇದ್ದ ಜಾಗದಲ್ಲಿ ಇಪ್ಪತ್ತು ಅಂತ ಒತ್ತಿದ. ಅಂದರೆ ಒಳಗೆ ಎಂಬತ್ತು ಡಿಗ್ರಿ ಇದ್ದರೆ ಮೀಟರು ನೂರು ಅನ್ನುತ್ತದೆ. ಹುಡುಗಿ ಇಪ್ಪತ್ತು ಡಿಗ್ರಿ ಮುಂಚೆಯೇ ನಿಲ್ಲಿಸುತ್ತಾಳೆ, ಒಳ್ಳೆಯದೇ ಆಯಿತಲ್ಲ! ಯಾರಿಗೂ ಹೇಳಲಿಲ್ಲ.

ಹೀಗೆ ಐದು ತಿಂಗಳು ಕಳೆಯಿತು. ದಿನಾ ಹನ್ನೊಂದೂಮುಕ್ಕಾಲಿಗೆ ಮಗಳು ಗುಡ್ಡದ ಏರು ಹತ್ತಲು ಶುರುಮಾಡುವ ಹೊತ್ತಿಗೆ ಜೋಪಾನಣ್ಣ ಕೈಯ ಕೆಲಸ ಕೆಳಗಿಟ್ಟು ಮೊಬೈಲು ಹಿಡಿಯುತ್ತಿದ್ದ. ಮೂರು ಕಿಲೋಮೀಟರಿನ ಏರು, ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಇಳಿಜಾರು. ಸಂಖ್ಯೆ ಏರುತ್ತಿತ್ತು, ನೂರಕ್ಕೆ ಅವಳು ನಿಲ್ಲಿಸುತ್ತಿದ್ದಳು, ಇಳಿಯುತ್ತಿತ್ತು, ಮತ್ತೆ ಹೊರಡುತ್ತಿದ್ದಳು, ಮತ್ತೆ ನಿಲ್ಲಿಸುತ್ತಿದ್ದಳು. ಮೇಲೆ ತಲುಪಿದಳು ಅಂತ ಗೊತ್ತಾದ ಮೇಲೇ ಅವನ ಗಂಟಲಲ್ಲಿ ನೀರಿಳಿಯುತ್ತಿದ್ದದ್ದು.

ಆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಪಂಕ್ಚರಿನವನು ಬಂದು ಬಾಗಿಲ ಹತ್ತಿರ ಕೂತ. ಅವನ ಅಕ್ಕ ಆ ದೊಡ್ಡ ಆಸ್ಪತ್ರೆಯಲ್ಲೇ ನರ್ಸು.

‘ಅಣ್ಣ, ಹೇಳಬೇಡ ಅಂದಿದ್ಲು ಅಕ್ಕ. ಆದರೂ ಹೇಳ್ತೀನಿ. ಶನಿವಾರ ನಿಮ್ಮ ಮಗಳಿಗೆ ಅಲ್ಲಿ ಎಲ್ಲರ ಮುಂದೆ ಮಂಗಳಾರತಿ ಆಯ್ತಂತೆ.’

‘ಯಾಕೆ? ಏನಾಯ್ತು?’

‘ಪೆಟ್ಟಿಗೆ ತಡವಾಗಿ ಬಂತಂತೆ. ಐಸೆಲ್ಲ ಕರಗಿ ನೀರು. ಅದರಲ್ಲಿ ಒಂದು ಎಳೆ ಮಗುವಿನ ರಕ್ತ ಇತ್ತಂತೆ, ಕೆಟ್ಟುಹೋಗಿ ಆ ಮಗೂಗೆ ಮತ್ತೆ ಸೂಜಿ ಚುಚ್ಚಬೇಕಾಯ್ತಂತೆ. ಪಾಪ, ಅದಕ್ಕೆ ನರವೇ ಸಿಗ್ತಿರಲಿಲ್ವಂತೆ. ಇನ್ನೊಂದ್ಸಲ ಹೀಗಾದ್ರೆ ಕೆಲಸಕ್ಕೆ ಬರಬೇಡ ಅಂದ್ರಂತೆ. ಬೈಕ್ ಬಿಸಿಯಾಗಿತ್ತು, ನಿಲ್ಲಿಸಿ ನಿಲ್ಲಿಸಿ ಬಂದೆ ಅಂತ ಇವಳು ಅಳ್ತಿದ್ಲಂತೆ.’

ಬೈಕೆಲ್ಲಿ ಬಿಸಿಯಾಗಿತ್ತು? ಬಿಸಿ ಮಾಡಿದ್ದು ತಾನು. ಯಾರದೋ ಕೂಸಿನ ಕೈಗೆ ಎರಡನೇ ಸಲ ಸೂಜಿ ಚುಚ್ಚಿಸಿದ್ದು ತಾನು. ಮಗಳು ಭಾನುವಾರವಿಡೀ ಮನೆಯಲ್ಲಿದ್ದಳು, ಒಂದು ಮಾತು ಆಡಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಪಂಕ್ಚರಿನವನು ಎದ್ದು ಹೋದ ಕೂಡಲೇ ಮೊಬೈಲು ತೆಗೆದ. ಬೈಕು ಯಾವುದೋ ಕ್ಲಿನಿಕ್ಕಿನ ಮುಂದೆ ನಿಂತಿತ್ತು, ಎಪ್ಪತ್ತೈದು ಅಂತ ತೋರಿಸುತ್ತಿತ್ತು. ತಿದ್ದುಪಡಿಯ ಜಾಗದಲ್ಲಿ ಇಪ್ಪತ್ತನ್ನು ಅಳಿಸಿ ಸೊನ್ನೆ ಮಾಡಿದ. ಐವತ್ತೈದು ಆಯಿತು. ಐದು ತಿಂಗಳಲ್ಲಿ ಮೊದಲ ಸಲ ಆ ಮೀಟರು ನಿಜ ಹೇಳಿತು.

ಮಗಳಿಗೆ ಹೇಳಬೇಕು ಅಂತ ಅನ್ನಿಸದೆ ಇರಲಿಲ್ಲ. ಹೇಳಬೇಕಾದರೆ ಇಷ್ಟು ದಿನ ಸುಳ್ಳು ತೋರಿಸಿದ್ದೆ ಅಂತಲೂ ಒಪ್ಪಿಕೊಳ್ಳಬೇಕು. ಅಪ್ಪನಾದವನಿಗೆ ಅದು ಸುಲಭವೇ? ತಪ್ಪು ಸರಿಮಾಡಿ ಆಯಿತಲ್ಲ, ಇನ್ನು ಬಾಯಿ ಬೇರೆ ಬಿಡಬೇಕಾ ಅಂದುಕೊಂಡು ಒಂದು ಫ್ಯಾನು ಬಿಚ್ಚಲು ಕೂತ. ಮನಸ್ಸು ಹಗುರವಾಗಿತ್ತು. ಶಿಳ್ಳೆ ಕೂಡ ಹಾಕಿದ ಅಂತ ಪಂಕ್ಚರಿನವನು ಆಮೇಲೆ ಆಣೆ ಮಾಡಿ ಹೇಳಿದ.

ಹನ್ನೊಂದೂಮುಕ್ಕಾಲಿಗೆ ಏರು ಶುರುವಾಯಿತು. ಎಪ್ಪತ್ತು. ಎಂಬತ್ತೆರಡು. ಬಿಸಿಲು ಚುರುಗುಟ್ಟುತ್ತಿತ್ತು, ಗಾಳಿಯಿರಲಿಲ್ಲ. ತೊಂಬತ್ತಾರು. ಈಗ ನೂರಕ್ಕೆ ನಿಲ್ಲಿಸುತ್ತಾಳೆ, ಒಂದೇ ಒಂದು ಸಲ ನಿಲ್ಲಿಸಿದರೆ ಸಾಕು, ಹನ್ನೆರಡೂಕಾಲಿಗೆಲ್ಲ ಮೇಲಿರುತ್ತಾಳೆ ಅಂತ ಅವನು ಲೆಕ್ಕ ಹಾಕಿದ. ನೂರಾಯಿತು. ನೂರೆರಡು. ಬೈಕು ನಿಲ್ಲಲಿಲ್ಲ. ಮೊಬೈಲಿನ ಮೂಲೆಯಲ್ಲಿ ವೇಗ ಇಪ್ಪತ್ತೆರಡು ಅಂತಲೇ ಇತ್ತು. ನೂರ ಆರು.

ಹೆಂಡತಿ ಊಟದ ಡಬ್ಬಿ ಹಿಡಿದು ಒಳಗೆ ಬಂದಳು. ಗಂಡನ ಮುಖ ನೋಡಿ, ‘ಏನ್ರೀ, ಹಾವು ತುಳಿದವರ ಹಾಗೆ ನಿಂತಿದ್ದೀರಿ?’ ಅಂದಳು.

‘ನೂರು ದಾಟಿದೆ ಕಣೆ. ಅವಳು ನಿಲ್ಲಿಸ್ತಾನೇ ಇಲ್ಲ.’

ಹೆಂಡತಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಸೆರಗು ಬಾಯಿಗೆ ಹಿಡಿದು ನಕ್ಕಳು. ‘ಇವತ್ತು ನಿಲ್ಲಿಸಲ್ಲ ಬಿಡಿ. ನಿಮ್ಮ ಕಳ್ಳತನ ಸಿಕ್ಕಿಬಿತ್ತು. ನಿನ್ನೆ ಬೆಳಿಗ್ಗೆ ನಿಮ್ಮ ಮಗಳು ಬೈಕ್ ಚಾಲೂ ಮಾಡಿ ನೋಡಿದ್ಲು. ರಾತ್ರಿಯೆಲ್ಲ ಅಂಗಳದಲ್ಲಿ ನಿಂತ ಬೈಕು ನಲವತ್ತನಾಲ್ಕು ತೋರಿಸ್ತಿತ್ತು. ಅಡುಗೆಮನೆ ಗೋಡೆಯ ಥರ್ಮಾಮೀಟರ್ ತಂದಿಟ್ಟು ನೋಡಿದ್ರೆ ಇಪ್ಪತ್ತನಾಲ್ಕು. ಅಪ್ಪ ಇಪ್ಪತ್ತು ಸೇರಿಸಿಟ್ಟಿದ್ದಾರೆ ಅಮ್ಮ ಅಂತ ಬಿದ್ದು ಬಿದ್ದು ನಕ್ಕಳು.’

ಜೋಪಾನಣ್ಣ ಮೊಬೈಲಿನಿಂದ ಕಣ್ಣು ಕೀಳದೆ ಕೇಳಿದ. ‘ನನಗ್ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ಇಪ್ಪತ್ತನ್ನ ನಲವತ್ತು ಮಾಡ್ತಾರೆ, ಹೇಳಬೇಡ ಅಂದ್ಲು. ಇನ್ಮೇಲೆ ಮೀಟರು ನೂರನಲವತ್ತು ತೋರಿಸೋ ತನಕ ನಿಲ್ಲಿಸಲ್ವಂತೆ. ನಿಜವಾಗಿ ನೂರಿಪ್ಪತ್ತೇ ತಾನೆ ಆಗ, ತಂತಿ ನೂರಮೂವತ್ತರ ತನಕ ತಾಳುತ್ತೆ ಅಂತ ನೀವೇ...’

‘ತೆಗೆದೆ ಕಣೆ.’

‘ಏನು ತೆಗೆದ್ರಿ?’

‘ಇಪ್ಪತ್ತು. ಇವತ್ತು ಬೆಳಿಗ್ಗೆ ತೆಗೆದುಬಿಟ್ಟೆ. ಈಗ ತೋರಿಸ್ತಿರೋದೆಲ್ಲ ನಿಜ.’

ಹೆಂಡತಿಯ ನಗು ಮುಖದ ಮೇಲೆಯೇ ಸತ್ತುಹೋಯಿತು. ಇಬ್ಬರೂ ಮೊಬೈಲು ನೋಡಿದರು. ನೂರಹನ್ನೆರಡು.

ಈಗ ಹೆದರಿಕೆ ಅಂದರೆ ಏನು ಅಂತ ಅವನಿಗೆ ಗೊತ್ತಾಯಿತು. ಮೂವತ್ತು ವರ್ಷ ಅವನು ಹೆದರಿಕೆ ಅಂದುಕೊಂಡಿದ್ದೆಲ್ಲ ಬರೀ ಅಭ್ಯಾಸ. ಇದು ಬೇರೆ. ಕಣ್ಣ ಮುಂದೆ ಬಂದದ್ದು ಅವನೇ ಸುತ್ತಿದ ತಂತಿ. ಆ ತೆಳು ಲೇಪ ಮೆತ್ತಗಾಗುತ್ತಿದೆ. ಮಗಳು ಹಲ್ಲು ಕಚ್ಚಿಕೊಂಡು ಏರು ಹತ್ತುತ್ತಿದ್ದಾಳೆ, ಹಿಂದೆ ಲಾರಿ ಬುಸುಗುಡುತ್ತಿದೆ. ನೂರಮೂವತ್ತಕ್ಕೆ ಚಕ್ರ ಹಿಡಿದುಕೊಳ್ಳಬಹುದು. ಅವಳು ನೂರನಲವತ್ತಕ್ಕೆ ನಿಲ್ಲಿಸುತ್ತಾಳೆ.

ಫೋನು ಮಾಡಿದ. ರಿಂಗಾಯಿತು, ಆಯಿತು, ನಿಂತಿತು. ಮತ್ತೆ ಮಾಡಿದ. ಎತ್ತಲಿಲ್ಲ. ಹೇಗೆ ಎತ್ತುತ್ತಾಳೆ? ಅವನದೇ ಆಣೆ.

‘ಮೋಟಾರು ಆರಿಸೋ ಬಟನ್ ಇತ್ತಲ್ರೀ! ಅದನ್ನಾದ್ರೂ ಒತ್ರೀ!’ ಹೆಂಡತಿ ಅವನ ತೋಳು ಹಿಡಿದು ಅಲ್ಲಾಡಿಸಿದಳು.

‘ಕಿತ್ತು ಹಾಕಿದೆ.’

‘ಯಾಕೆ?’

‘ಹೆದರಿ.’

ಅವಳು ತಲೆ ತಲೆ ಚಚ್ಚಿಕೊಂಡು ಹೊರಗೆ ಓಡಿ ಪಂಕ್ಚರಿನವನನ್ನು ಕೂಗಿದಳು. ನೂರಹದಿನಾರು. ಇವನು ತಿದ್ದುಪಡಿಯ ಜಾಗ ತೆರೆದ. ಸುಳ್ಳನ್ನು ತೆಗೆದು ತಪ್ಪು ಮಾಡಿದ್ದೆ, ಮತ್ತೆ ಸುಳ್ಳು ಸೇರಿಸುತ್ತೇನೆ. ಹತ್ತು ಸೇರಿಸಿದ. ಒಮ್ಮೆಲೇ ಹೆಚ್ಚು ಸೇರಿಸಿದರೆ ಅವಳಿಗೆ ಅನುಮಾನ ಬರುತ್ತದೆ. ಇನ್ನೈದು ಸೇರಿಸಿದ. ಇನ್ನೈದು. ಒಳಗೆ ನಿಜವಾಗಿ ನೂರಿಪ್ಪತ್ತು, ಮೀಟರಿನಲ್ಲಿ ನೂರನಲವತ್ತು. ನಿಲ್ಲಿಸು ಮಗಳೇ, ನಿಲ್ಲಿಸು. ವೇಗ ಇಪ್ಪತ್ತೊಂದು. ಇನ್ನೂ ಹತ್ತು ಸೇರಿಸಿದ. ಮೀಟರು ನೂರೈವತ್ತೆರಡು ಅಂದಿತು. ವೇಗ ಇಪ್ಪತ್ತೆರಡು. ಹುಡುಗಿ ಇನ್ನೂ ಜೋರು ಮಾಡಿದ್ದಳು!

ಅವನಿಗೆ ಆಗ ಹೊಳೆಯಿತು. ಸಂಖ್ಯೆ ನೆಗೆದಷ್ಟೂ ಅವಳು ನಗುತ್ತಿದ್ದಾಳೆ. ಅಪ್ಪ ಮತ್ತೆ ಸೇರಿಸಲು ಶುರುಮಾಡಿದರು ಅಂತ ಅಷ್ಟನ್ನೂ ಕಳೆಯುತ್ತಿದ್ದಾಳೆ. ಇನ್ನೂರು ಅಂದರೂ ಕಳೆಯುತ್ತಾಳೆ, ಮುನ್ನೂರು ಅಂದರೂ ಕಳೆಯುತ್ತಾಳೆ. ತನ್ನ ಮಾತಿಗೆ ತನ್ನ ಮನೆಯಲ್ಲಿ ಇರುವ ಬೆಲೆ ಇಷ್ಟು. ಅದನ್ನು ಮಾಡಿಟ್ಟವನೂ ತಾನೇ. ಅವನಿಗೆ ಅಳು ಬಂತು. ಗಟ್ಟಿಯಾಗಿಯೇ ಅತ್ತ, ಯಾರು ನೋಡಿದರೇನು.

ಒಳಗೆ ನೂರಿಪ್ಪತ್ತೈದು.

ಸುಳ್ಳು ಹೇಳಿ ಪ್ರಯೋಜನವಿಲ್ಲ ಅಂದಮೇಲೆ ಉಳಿದದ್ದು ಸುಳ್ಳನ್ನು ಎತ್ತಿ ತೋರಿಸುವುದು. ಸೇರಿಸಿದ್ದನ್ನೆಲ್ಲ ಅಳಿಸಿ ಸೊನ್ನೆ ಮಾಡಿದ. ಐದು ಎಣಿಸಿ ಇಪ್ಪತ್ತು ಒತ್ತಿದ. ಐದು ಎಣಿಸಿ ಮತ್ತೆ ಸೊನ್ನೆ. ಮತ್ತೆ ಇಪ್ಪತ್ತು. ಮತ್ತೆ ಸೊನ್ನೆ. ನೋಡು ಮಗಳೇ, ಈ ಇಪ್ಪತ್ತು ನನ್ನದು, ನಾನು ಇಟ್ಟದ್ದು, ನಾನೇ ತೆಗೆದದ್ದು. ಕಾವಿಗೆ ಹೀಗೆ ಕುಣಿಯಲು ಬರುವುದಿಲ್ಲ, ಕುಣಿಸುತ್ತಿರುವವನು ನಿನ್ನ ಅಪ್ಪ. ನೂರಿಪ್ಪತ್ತಾರು, ನೂರನಲವತ್ತಾರು. ನೂರಿಪ್ಪತ್ತೇಳು, ನೂರನಲವತ್ತೇಳು. ಬೆವರು ಮೊಬೈಲಿನ ಗಾಜಿನ ಮೇಲೆ ತೊಟ್ಟಿಕ್ಕಿ ಬೆರಳು ಜಾರುತ್ತಿತ್ತು, ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದ. ನೂರಿಪ್ಪತ್ತೆಂಟು.

ವೇಗ ಹದಿನೈದಾಯಿತು. ಒಂಬತ್ತಾಯಿತು. ಸೊನ್ನೆಯಾಯಿತು.

ನಿಲ್ಲಿಸಿದಳೋ, ಬಿದ್ದಳೋ? ಹೆಂಡತಿ ಬಾಗಿಲಲ್ಲಿ ನಿಂತು ‘ಏನಾಯ್ತು, ಏನಾಯ್ತು ಹೇಳ್ರೀ’ ಅನ್ನುತ್ತಿದ್ದಳು. ಆ ಎರಡು ನಿಮಿಷ ಅವನ ಆಯಸ್ಸಿನಲ್ಲಿ ಎಷ್ಟು ವರ್ಷ ತಿಂದಿತೋ ದೇವರೇ ಬಲ್ಲ. ಫೋನು ರಿಂಗಾಯಿತು.

‘ಅಪ್ಪ! ಏನು ಆಟ ಆಡ್ತಿದ್ದೀರಾ ನೀವು?’ ಮಗಳ ದನಿಯಲ್ಲಿ ಸಿಟ್ಟು ಇತ್ತು, ಅಳುವೂ ಇತ್ತು. ‘ಮೇಲೆ ಇಪ್ಪತ್ತು, ಕೆಳಗೆ ಇಪ್ಪತ್ತು! ನಿಮ್ಮನ್ನ ಬೈಯೋಕೇ ನಿಲ್ಲಿಸಿದೆ. ಬಿಸಿ ಎಲ್ಲಿದೆ ನೋಡೇಬಿಡ್ತೀನಿ ಅಂತ ಮೋಟಾರ್ ಮೇಲೆ ಕೈ ಇಟ್ಟೆ...’

‘ಬೆರಳ ಹಿಂಭಾಗ ಮೊದಲು ಸೋಕಿಸಿದೆ ತಾನೆ?’

‘ಇಲ್ಲ ಅಪ್ಪ. ಅಂಗೈನೇ ಇಟ್ಟುಬಿಟ್ಟೆ. ಒಂದು ಅಂತ ಎಣಿಸೋಕೂ ಆಗಲಿಲ್ಲ.’

ಪಂಕ್ಚರಿನವನ ಪೆಟ್ರೋಲ್ ಬೈಕಿನ ಹಿಂದೆ ಕೂತು ಜೋಪಾನಣ್ಣ ಗುಡ್ಡ ಹತ್ತಿದ. ಯಾವತ್ತೂ ಆ ಬೈಕು ಹತ್ತಿದವನಲ್ಲ, ವೇಗ ಮೂವತ್ತು ದಾಟಿದರೆ ಜೀವ ಹೋಗುತ್ತೆ ಅನ್ನುತ್ತಿದ್ದವನು. ಅವತ್ತು ಪಂಕ್ಚರಿನವನು ಎಷ್ಟು ಜೋರಾಗಿ ಹೊಡೆದರೂ, ‘ಇನ್ನೂ ಜೋರಾಗಿ ಹೊಡಿಯೋ’ ಅನ್ನುತ್ತಿದ್ದನಂತೆ. ದಾರಿಯುದ್ದಕ್ಕೂ ಜೋಪಾನ ಅಂತ ಒಂದು ಸಲವೂ ಅನ್ನಲಿಲ್ಲವಂತೆ.

ಎರಡನೇ ತಿರುವಿನಲ್ಲಿ ಕಲ್ಲಿನ ಗೋಡೆಗೆ ಬೈಕು ಒರಗಿಸಿ ಮಗಳು ನಿಂತಿದ್ದಳು. ಎಡಗೈಯಲ್ಲಿ ಪೆಟ್ಟಿಗೆ, ಬಲಗೈಯನ್ನು ಕುಡಿಯುವ ನೀರಿನಲ್ಲಿ ನೆನೆಸಿದ ಕರವಸ್ತ್ರದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಅಪ್ಪ ಏನೋ ಹೇಳಲು ಬಾಯಿ ತೆರೆದ.

‘ಆಮೇಲೆ ಅಪ್ಪ. ಪೆಟ್ಟಿಗೆ ಮೊದಲು’ ಅಂದು ಪಂಕ್ಚರಿನವನ ಹಿಂದೆ ಹತ್ತಿ ಕೂತು ಹೊರಟೇಹೋದಳು.

ಅವನೊಬ್ಬನೇ ಉಳಿದ. ಬಗ್ಗಿ ಚಕ್ರದ ಹತ್ತಿರ ಮೂಗು ತಂದ. ಬಿಸಿ ವಾರ್ನಿಷಿನ ವಾಸನೆ ಇತ್ತು, ಸುಟ್ಟ ವಾಸನೆ ಇನ್ನೂ ಬಂದಿರಲಿಲ್ಲ. ಗುಂಬದ ಮೇಲೆ ಒಂದು ಕಡೆ ಮಗಳ ಚರ್ಮದ ಗುರುತು ಮಸುಕಾಗಿ ಅಂಟಿಕೊಂಡಿತ್ತು. ಅದನ್ನು ನೋಡಿದವನು ಅಲ್ಲೇ ರಸ್ತೆಯ ಅಂಚಿನಲ್ಲಿ ಕುಸಿದು ಕೂತ. ಜಲ್ಲಿ ತುಂಬಿದ ಲಾರಿಯೊಂದು ಏದುಸಿರು ಬಿಡುತ್ತಾ ಅವನನ್ನು ದಾಟಿ ಹೋಯಿತು. ಅದರ ಹಿಂದೆ ಇನ್ನೊಂದು ಬಂತು.

ಮುಕ್ಕಾಲು ಗಂಟೆಯ ಮೇಲೆ ಅವರು ವಾಪಸು ಬಂದರು. ಪೆಟ್ಟಿಗೆ ಹನ್ನೆರಡೂ ಇಪ್ಪತ್ತೈದಕ್ಕೆ ತಲುಪಿತು, ಐಸು ಕರಗಿರಲಿಲ್ಲ ಅಂತ ಪಂಕ್ಚರಿನವನು ತಾನೇ ಐಸು ಮಾಡಿದವನ ಹಾಗೆ ಹೇಳಿದ. ಮಗಳ ಬಲಗೈಗೆ ಮಣಿಕಟ್ಟಿನ ತನಕ ಬಿಳಿ ಪಟ್ಟಿ ಸುತ್ತಿದ್ದರು. ಅವಳು ಬಂದು ಅಪ್ಪನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಪಂಕ್ಚರಿನವನು ಬುದ್ಧಿವಂತ, ಟಯರು ನೋಡುವ ನೆಪ ಮಾಡಿಕೊಂಡು ಅತ್ತ ಹೋದ.

‘ನಾನು ಇಪ್ಪತ್ತು ಇಟ್ಟಿದ್ದೆ ಮಗಳೇ. ಐದು ತಿಂಗಳು ನಿನಗೆ ಸುಳ್ಳು ತೋರಿಸಿದೆ. ಇವತ್ತು ಶನಿವಾರದ ವಿಷಯ ಕೇಳಿ ತೆಗೆದೆ. ಆದರೆ ನಿನಗೆ ಹೇಳಲಿಲ್ಲ. ಒಂದು ಮಾತು ಹೇಳಿದ್ರೆ ಆಗೋದು. ಹೇಳೋಕೆ ನಾಚಿಕೆ ಆಯ್ತು.’

‘ನಾನೂ ಹೇಳಲಿಲ್ಲವಲ್ಲ ಅಪ್ಪ’ ಅಂದಳು ಅವಳು. ‘ಗೊತ್ತಾಯ್ತು ಅಂತ ಹೇಳಬಹುದಿತ್ತು. ನಾನೂ ಅಮ್ಮನೂ ನಿಮ್ಮನ್ನ ಕಳೆದು ಕಳೆದು ಅಭ್ಯಾಸ ಮಾಡ್ಕೊಂಡಿದ್ದೀವಿ.’

‘ಇನ್ನೇನೇನು ಕಳೀತೀರಿ?’

‘ಗಡಿಯಾರದಲ್ಲಿ ಹದಿನೈದು. ಜ್ವರದಲ್ಲಿ ಎರಡು. ಹಾವಲ್ಲಿ ಅರ್ಧ.’

ಅವನಿಗೆ ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. ಆಮೇಲೆ ಪಟ್ಟಿ ಸುತ್ತಿದ ಕೈಯನ್ನು ಮೆಲ್ಲಗೆ ತನ್ನ ಕೈಯಲ್ಲಿ ತೆಗೆದುಕೊಂಡು ಕೇಳಿದ:

‘ಉರೀತಿದೆಯಾ?’

‘ಸ್ವಲ್ಪ’ ಅಂದಳು ಮಗಳು. ‘ಅಂಥದ್ದೇನಿಲ್ಲ.’

ಅವನು ಅವಳ ಮುಖ ನೋಡಿದ. ತುಟಿ ಬಿಳಿಚಿಕೊಂಡಿತ್ತು, ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಶನಿವಾರ ಅಷ್ಟು ಬೈಸಿಕೊಂಡು ಬಂದ ಸಂಜೆ ಹೇಗಿತ್ತು ಕೆಲಸ ಅಂತ ಕೇಳಿದಾಗಲೂ ‘ಅಂಥದ್ದೇನಿಲ್ಲ’ ಅಂದಿದ್ದವಳು ಇವಳೇ. ತಾನು ಎಲ್ಲವನ್ನೂ ಕೂಡಿಸಿ ಹೇಳಿದಷ್ಟು ಕಾಲವೂ ಈ ಹುಡುಗಿ ತನ್ನದನ್ನೆಲ್ಲ ಕಳೆದೇ ಹೇಳುತ್ತಾ ಬಂದಿದ್ದಾಳೆ ಅಂತ ಅವನಿಗೆ ಈಗ ಗೊತ್ತಾಯಿತು. ಅಪ್ಪ ಹೆದರಿಕೊಳ್ಳಬಾರದು ಅಂತ.

‘ಎಷ್ಟು ಕಳೆದು ಹೇಳ್ತಿದ್ದೀಯ?’ ಅಂತ ಕೇಳಿದ. ‘ನಾನು ಹೆದರ್ತೀನಿ ಮಗಳೇ. ಹೆದರ್ತೀನಿ, ಏನು ಮಾಡೋದು, ನಾನು ಇರೋದೇ ಹೀಗೆ. ಆದರೂ ಹೇಳು. ನಿಜವಾಗಿ ಎಷ್ಟಿದೆಯೋ ಅಷ್ಟನ್ನೇ ಹೇಳು.’

ಅವಳ ಗಲ್ಲ ಅದುರಿತು.

‘ತುಂಬಾ ಉರೀತಿದೆ ಅಪ್ಪ’ ಅಂದಳು. ‘ತಡೆಯೋಕೇ ಆಗ್ತಿಲ್ಲ. ಅಲ್ಲಿ ಪಟ್ಟಿ ಕಟ್ಟುವಾಗಲೂ ಏನಿಲ್ಲ ಅಂತಲೇ ಹೇಳಿಬಂದೆ.’

ಎಂಟು ವರ್ಷದವಳಿದ್ದಾಗ ಅಳುತ್ತಿದ್ದ ಹಾಗೆ, ಬಾಯಿ ಬಿಟ್ಟು, ಅವನ ಭುಜಕ್ಕೆ ತಲೆಯಿಟ್ಟು ಅಳತೊಡಗಿದಳು. ಅವನು ‘ಏನೂ ಆಗಲ್ಲ’ ಅನ್ನಲಿಲ್ಲ. ಪಂಕ್ಚರಿನವನನ್ನು ಕೂಗಿ, ಬೈಕು ತಿರುಗಿಸಪ್ಪ, ಇವಳನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ನೋವು ತುಂಬಾ ಇದೆಯಂತೆ ಅಂದ.